ಮಂಡಿಯ ರೇಟು, ಮಂಡಿಯ ಲೆಕ್ಕ

ಜಿಗಣಿ ಕಡೆಯವರಿಗೆ ಮಂಡಿನೋವಿನ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ಗ್ರಾನೈಟ್ ಪಾಲಿಶ್ ಮಾಡುವ ಶೆಡ್ಡುಗಳು, ದಿನವಿಡೀ ನಿಂತೇ ಮಾಡುವ ಫ್ಯಾಕ್ಟರಿ ಕೆಲಸ. ಲಿಂಕ್ ರೋಡ್ ಹಿಡಿದು ಬೊಮ್ಮಸಂದ್ರಕ್ಕೆ ಹೋದರೆ ಹೊಸೂರು ರಸ್ತೆಯಲ್ಲಿ ದೊಡ್ಡ ದೊಡ್ಡ ಆಸ್ಪತ್ರೆಗಳು. ಮಂಡಿ ಬದಲಾಯಿಸಬೇಕು ಅಂತ ಡಾಕ್ಟರು ಹೇಳಿದ ತಕ್ಷಣ ಮನೆಯವರು ಕೇಳೋದು, "ಒಟ್ಟು ಎಷ್ಟಾಗುತ್ತೆ?" ಅಂತ. ಕೇಳಬೇಕಾದ ಇನ್ನೊಂದು ಪ್ರಶ್ನೆಯೂ ಇದೆ ಅನ್ನೋದು ಈ ಆಪರೇಷನ್ನಿನ ಇತಿಹಾಸ ಓದಿದರೆ ಗೊತ್ತಾಗುತ್ತೆ.

ಇಂಗ್ಲೆಂಡಿನ ಜಾನ್ ಚಾರ್ನ್ಲಿ ಮೊದಲು ಸೊಂಟದ ಕೀಲಿಗೆ ಟೆಫ್ಲಾನ್ ಬಟ್ಟಲು ಹಾಕಿದರು. ಹೌದು, ನಮ್ಮ ದೋಸೆ ಕಾವಲಿಯ ಟೆಫ್ಲಾನೇ! ಆರಂಭದಲ್ಲಿ ರೋಗಿಗಳು ಆರಾಮಾಗಿ ನಡೆದಾಡಿದರು. ಕೆಲವೇ ವರ್ಷಗಳಲ್ಲಿ ಬಟ್ಟಲು ಸವೆದು, ಸುತ್ತಲಿನ ಮೂಳೆಯೇ ಹಾಳಾಯಿತು. 1962ರ ನವೆಂಬರಿನಲ್ಲಿ ಅವರು ಗಟ್ಟಿ ಪಾಲಿಥಿಲೀನ್ ಬಟ್ಟಲಿಗೆ ಬದಲಾದರು, ಅದು ಉಳಿಯಿತು. ಸೋಂಕು ತಡೆಯಲು ಆಪರೇಷನ್ ಕೋಣೆಗೆ ಶುದ್ಧ ಗಾಳಿಯ ವ್ಯವಸ್ಥೆ ಮಾಡಿದರು. ಅಷ್ಟೇ ಅಲ್ಲ, ಸತ್ತ ಮೇಲೆ ಆ ಕೃತಕ ಕೀಲನ್ನು ಪರೀಕ್ಷೆಗೆ ವಾಪಸ್ ಕೊಡುವಂತೆ ರೋಗಿಗಳನ್ನು ಒಪ್ಪಿಸಿದ್ದರು. ಹಾಕಿದ್ದು ಎಷ್ಟು ಸವೆದಿದೆ ಅಂತ ನೋಡಬೇಕಲ್ಲ!

ಈ ಲೆಕ್ಕ ಇಡುವ ಬುದ್ಧಿಯನ್ನು ಸ್ವೀಡನ್ ದೇಶ ಇಡೀ ದೇಶದ ಮಟ್ಟಕ್ಕೆ ಒಯ್ದಿತು. ಮಂಡಿಗೆ 1975ರಲ್ಲಿ, ಸೊಂಟಕ್ಕೆ 1979ರಲ್ಲಿ ರಿಜಿಸ್ಟರ್ ಶುರುವಾಯಿತು. ಯಾವ ಕಂಪನಿಯ ಕೀಲು ಬೇಗ ಕೈಕೊಡುತ್ತದೆ ಅನ್ನೋದು ಅಲ್ಲಿ ಅಂಕಿಅಂಶದಲ್ಲೇ ಕಾಣುತ್ತೆ.

ಲೆಕ್ಕ ಇಡದಿದ್ದರೆ ಏನಾಗುತ್ತೆ? ಜಾನ್ಸನ್ ಅಂಡ್ ಜಾನ್ಸನ್ನಿನ ಡಿಪ್ಯೂ ಕಂಪನಿಯ 'ಎಎಸ್‌ಆರ್' ಅನ್ನೋ ಸೊಂಟದ ಕೀಲು ನೋಡಿ. ಲೋಹಕ್ಕೆ ಲೋಹ ಉಜ್ಜಿ ಕೋಬಾಲ್ಟ್, ಕ್ರೋಮಿಯಂ ರಕ್ತಕ್ಕೆ ಸೇರುತ್ತಿತ್ತು. 2010ರ ಆಗಸ್ಟಿನಲ್ಲಿ ಅದನ್ನು ಜಗತ್ತಿನಾದ್ಯಂತ ವಾಪಸ್ ಪಡೆದರು. ಹಾಕಿಸಿಕೊಂಡವರಿಗೆಲ್ಲ ರಕ್ತದಲ್ಲಿ ಲೋಹದ ಪ್ರಮಾಣ ನೋಡುವ ಪರೀಕ್ಷೆ ಬೇಕಿತ್ತು. ಬೀದಿ ಬದಿಯ ಲ್ಯಾಬಿನಲ್ಲಿ ಆಗುವ ಟೆಸ್ಟ್ ಅಲ್ಲ ಅದು. ಪರೀಕ್ಷೆ ಮತ್ತು ಮರು-ಆಪರೇಷನ್ನಿನ ಖರ್ಚು ಕೊಡುತ್ತೇವೆ ಅಂತ ಕಂಪನಿ ಹೇಳಿತು. ಆದರೆ ಕೊಡೋದು ಯಾರಿಗೆ? ಭಾರತದಲ್ಲಿ ಸುಮಾರು 4,700 ಆಪರೇಷನ್ ಆಗಿದ್ದವು, 3,600ಕ್ಕೂ ಹೆಚ್ಚು ಜನರ ಪತ್ತೆಯೇ ಇರಲಿಲ್ಲ! 2017ರಲ್ಲಿ ಕೇಂದ್ರ ಸರ್ಕಾರ ರಚಿಸಿದ ತಜ್ಞರ ಸಮಿತಿ ಕನಿಷ್ಠ 20 ಲಕ್ಷ ರೂ. ಪರಿಹಾರಕ್ಕೆ ಶಿಫಾರಸು ಮಾಡಿತು. ತಮ್ಮೊಳಗಿರೋದು ಯಾವ ಕೀಲು ಅಂತಲೇ ಗೊತ್ತಿಲ್ಲದವರು ಆ ಪರಿಹಾರ ಕೇಳೋದಾದರೂ ಹೇಗೆ?

ಅದೇ 2017ರ ಆಗಸ್ಟ್ 16ರಂದು ಮಂಡಿಯ ಇಂಪ್ಲಾಂಟಿಗೆ ಬೆಲೆ ಮಿತಿ ಬಂತು. ಆಗಿನ ಕೇಂದ್ರ ಸಚಿವರು ನಮ್ಮ ಬೆಂಗಳೂರು ದಕ್ಷಿಣದ ಸಂಸದ ಅನಂತಕುಮಾರ್. ಸರಾಸರಿ 1,58,324 ರೂ. ಇದ್ದ ಕೋಬಾಲ್ಟ್ ಕ್ರೋಮಿಯಂ ಮಂಡಿ 54,720 ರೂ.ಗೆ ಇಳಿಯಿತು (ಜಿಎಸ್‌ಟಿ ಬೇರೆ). ಒಳ್ಳೆಯ ಕೆಲಸವೇ. ಆದರೆ ಆ ಆದೇಶ ಸೊಂಟದ ಕೀಲಿಗೆ ಅನ್ವಯಿಸಲಿಲ್ಲ. ವಾರ್ಡಿನ ಬಾಡಿಗೆ, ಸರ್ಜನ್ ಫೀಸು, ಟೆಸ್ಟುಗಳ ಬಿಲ್ಲು ಯಾವುದಕ್ಕೂ ಅದು ಕೈಹಾಕಲಿಲ್ಲ.

ಮಂಡಿಗೆ ಸೋಂಕು ತಗುಲಿತು ಅಂತಿಟ್ಟುಕೊಳ್ಳಿ. ಸಿಆರ್‌ಪಿ, ಇಎಸ್‌ಆರ್, ಕೀಲಿನ ನೀರು ತೆಗೆದು ಕಲ್ಚರ್. ಕೆಲವರಿಗೆ ಹಳೆಯ ಕೀಲು ತೆಗೆದು, ಆಂಟಿಬಯೋಟಿಕ್ ಬೆರೆಸಿದ ಸಿಮೆಂಟ್ ಇಟ್ಟು, ವಾರಗಟ್ಟಲೆ ಕಾದು ಇನ್ನೊಂದು ಆಪರೇಷನ್. ಮೊದಲ ದಿನ ಹೇಳಿದ ಪ್ಯಾಕೇಜಿನಲ್ಲಿ ಇದೆಲ್ಲ ಸಾಮಾನ್ಯವಾಗಿ ಇರೋಲ್ಲ.

ಹಾಗಾಗಿ "ಎಷ್ಟಾಗುತ್ತೆ" ಜೊತೆಗೆ "ಯಾವುದು ಹಾಕಿದ್ರಿ" ಅಂತಲೂ ಕೇಳಿ. ಇಂಪ್ಲಾಂಟ್ ಡಬ್ಬಿಯ ಮೇಲೆ ಕಂಪನಿ, ಮಾಡೆಲ್, ಬ್ಯಾಚ್ ನಂಬರ್ ಇರುವ ಸ್ಟಿಕ್ಕರ್ ಇರುತ್ತೆ. ಅದರ ಒಂದು ಪ್ರತಿಯನ್ನು ಡಿಸ್ಚಾರ್ಜ್ ಸಮ್ಮರಿಗೆ ಅಂಟಿಸಿಕೊಡಲು ಹೇಳಿ, ಮನೆಯ ಪತ್ರಗಳ ಜೊತೆ ಭದ್ರವಾಗಿಡಿ. ದೇಶ ಲೆಕ್ಕ ಇಡುವ ತನಕ ಮನೆಯವರಾದರೂ ಇಡೋಣ. ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆಗಿದ್ದರೆ ಆ ಸ್ಟಿಕ್ಕರ್ ಇದೆಯಾ, ಒಮ್ಮೆ ಹುಡುಕಿ ನೋಡ್ತೀರಾ?