ಸುಬೇದಾರನ ಮಗ ಜನರಲ್ ಆದ ದಾರಿ

ಬ್ರಿಟಿಷರ ಕಾಲದ ಭಾರತೀಯ ಸೇನೆಯಲ್ಲಿ ಸುಬೇದಾರ್ ಮೇಜರ್ ಎಂದರೆ ದೊಡ್ಡ ಹುದ್ದೆ. ಸಿಪಾಯಿಯಾಗಿ ಸೇರಿದವನು ಇಪ್ಪತ್ತು, ಇಪ್ಪತ್ತೈದು ವರ್ಷ ದುಡಿದು, ಎದೆಯ ಮೇಲೆ ಪದಕಗಳ ಸಾಲು ಸೇರಿದ ಮೇಲೆ ದಕ್ಕುತ್ತಿದ್ದ ಗೌರವ ಅದು. ಪಲ್ಟನ್ನಿನ ಸಿಪಾಯಿಗಳಿಗೆಲ್ಲ ಅವನೇ ಹಿರಿಯ. ಅಂಥವನೂ ಆಗಷ್ಟೇ ಹಡಗಿಳಿದು ಬಂದ, ಮೀಸೆ ಸರಿಯಾಗಿ ಚಿಗುರದ ಇಂಗ್ಲಿಷ್ ಸೆಕೆಂಡ್ ಲೆಫ್ಟಿನೆಂಟನಿಗೆ ಸಲ್ಯೂಟ್ ಹೊಡೆಯಬೇಕಿತ್ತು. ಸುಬೇದಾರನದು ವೈಸ್‌ರಾಯ್ ಕೊಟ್ಟ ಕಮಿಷನ್, ಅಂದರೆ ಅಧಿಕಾರಪತ್ರ; ಲೆಫ್ಟಿನೆಂಟನದು ರಾಜ ಕೊಟ್ಟದ್ದು. ಮೊದಲನೆಯದರಿಂದ ಎರಡನೆಯದಕ್ಕೆ ಹತ್ತಲು ಮೆಟ್ಟಿಲೇ ಇರಲಿಲ್ಲ.

ಆ ಮೆಟ್ಟಿಲುಗಳನ್ನು ಒಂದೊಂದಾಗಿ ಕಟ್ಟಿದವು ಡೆಹ್ರಾಡೂನ್, ಜಲಂಧರ್, ಬೆಳಗಾವಿ, ಬೆಂಗಳೂರು, ವಿಜಯಪುರಗಳ ಬೋರ್ಡಿಂಗ್ ಶಾಲೆಗಳು. ಯಾರ ಮಗ ಅಧಿಕಾರಿಯಾಗಬಹುದು ಎಂಬ ಒಂದೇ ಪ್ರಶ್ನೆಗೆ ಈ ಶಾಲೆಗಳು ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿವೆ.

ಮೊದಲ ಉತ್ತರ ಲಾರ್ಡ್ ಕರ್ಜನ್‌ನದು: ರಾಜರ ಮಕ್ಕಳು. 1901ರಲ್ಲಿ ಅವನು ಇಂಪೀರಿಯಲ್ ಕೆಡೆಟ್ ಕೋರ್ ಶುರು ಮಾಡಿ ಸಂಸ್ಥಾನಗಳ ರಾಜಕುಮಾರರನ್ನು ಡೆಹ್ರಾಡೂನಿಗೆ ಕರೆಸಿದ. ಸಮವಸ್ತ್ರ, ಕುದುರೆ, ದರ್ಬಾರಿನ ಶೋಭೆ ಎಲ್ಲವೂ ಇದ್ದವು. ಆದರೆ ಅಲ್ಲಿ ಕಲಿತವರಿಗೆ ಬ್ರಿಟಿಷ್ ಸಿಪಾಯಿಗಳ ಮೇಲೆ ಅಧಿಕಾರ ಚಲಾಯಿಸುವ ಹಕ್ಕು ಸಿಗಲಿಲ್ಲ.

ಈ ಬೇಲಿಯನ್ನು ಸಡಿಲಿಸಿದ್ದು ಮೊದಲ ಮಹಾಯುದ್ಧ. ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಸಮುದ್ರ ದಾಟಿ ಸೇವೆ ಸಲ್ಲಿಸಿದ ಮೇಲೆ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಮಿಲಿಟರಿ ಕಾಲೇಜಿನಲ್ಲಿ ವರ್ಷಕ್ಕೆ 10 ಜಾಗಗಳನ್ನು ಭಾರತೀಯರಿಗೆ ಮೀಸಲಿಡಲಾಯಿತು. ಅದೇ ಹೊತ್ತಿಗೆ ಇಂದೋರಿನ ಡೇಲಿ ಕಾಲೇಜಿನಲ್ಲಿ ತಾತ್ಕಾಲಿಕ ಕೆಡೆಟ್ ಶಾಲೆಯೊಂದು ನಡೆಯಿತು. ಅಲ್ಲಿ ತರಬೇತಿ ಪಡೆದು 1919ರಲ್ಲಿ ರಾಜನ ಕಮಿಷನ್ ಪಡೆದ ಮೊದಲ ತಂಡದಲ್ಲಿ ಮಡಿಕೇರಿಯಲ್ಲಿ ಓದಿದ ಕೊಡಗಿನ ತರುಣನೊಬ್ಬನಿದ್ದ. ಮುಂದೆ 1949ರ ಜನವರಿ 15ರಂದು ಭಾರತೀಯ ಸೇನೆಯ ಚುಕ್ಕಾಣಿ ಹಿಡಿದ ಮೊದಲ ಭಾರತೀಯ, ಕೆ.ಎಂ. ಕಾರ್ಯಪ್ಪ ಅವನೇ.

ಸ್ಯಾಂಡ್‌ಹರ್ಸ್ಟಿನಲ್ಲಿ ಜಾಗ ಸಿಕ್ಕಿತು, ನಿಜ. ಆದರೆ ಅಲ್ಲಿಗೆ ಹೋದ ಹುಡುಗರಲ್ಲಿ ಹಲವರು ನಪಾಸಾಗಿ ಹಿಂತಿರುಗತೊಡಗಿದರು. ಪರಕೀಯ ಭಾಷೆಯ ಪಾಠ, ಚಳಿ, ಊಟ, ಕ್ಲಬ್ಬಿನ ನಡವಳಿಕೆ ಎಲ್ಲವೂ ಹೊಸದು. ಜೊತೆಗಿದ್ದ ಇಂಗ್ಲಿಷ್ ಹುಡುಗರಾದರೋ ಎಳವೆಯಿಂದಲೇ ಬೋರ್ಡಿಂಗ್ ಶಾಲೆಗಳಲ್ಲಿ ಪಳಗಿದವರು. ಹಾಗಾದರೆ ಅಂಥದೇ ಒಂದು ಶಾಲೆಯನ್ನು ಇಲ್ಲಿಯೇ ಏಕೆ ತೆರೆಯಬಾರದು ಎಂಬ ಆಲೋಚನೆಯಿಂದ ಹುಟ್ಟಿದ್ದು ಡೆಹ್ರಾಡೂನಿನ ರಾಯಲ್ ಇಂಡಿಯನ್ ಮಿಲಿಟರಿ ಕಾಲೇಜು. ಹೆಸರಿನಲ್ಲಿ ಕಾಲೇಜು, ನಡೆದದ್ದು ಹೈಸ್ಕೂಲಿನ ಪಾಠ. 1922ರ ಮಾರ್ಚ್ 13ರಂದು ವೇಲ್ಸ್ ರಾಜಕುಮಾರ ಎಡ್ವರ್ಡ್ ಇದನ್ನು ಉದ್ಘಾಟಿಸಿದ. ಕರ್ಜನ್‌ನ ಕೆಡೆಟ್ ಕೋರ್ ಖಾಲಿ ಬಿಟ್ಟುಹೋಗಿದ್ದ ಆವರಣವೇ ಇದಕ್ಕೆ ನೆಲೆಯಾಯಿತು.

ಹುಡುಗರನ್ನು ‘ಸೆಕ್ಷನ್’ಗಳಾಗಿ ಹಂಚಿ ಅವಕ್ಕೆ ರಾಲಿನ್ಸನ್, ರಾಬರ್ಟ್ಸ್, ಕಿಚನರ್ ಎಂದು ಬ್ರಿಟಿಷ್ ಸೇನಾನಿಗಳ ಹೆಸರಿಟ್ಟರು. ಪಾಠದಷ್ಟೇ ಸಮಯ ಮೈದಾನಕ್ಕೂ ಮೀಸಲು: ಕ್ರಿಕೆಟ್, ಹಾಕಿ, ಬಾಕ್ಸಿಂಗ್, ಕುದುರೆ ಸವಾರಿ. ಕಿರಿಯರ ಶಿಸ್ತಿನ ಹೊಣೆಯನ್ನು ಹಿರಿಯ ಹುಡುಗರ ಹೆಗಲಿಗೇ ಹಾಕುವುದು ಈ ಪದ್ಧತಿಯ ತಿರುಳು. ಹದಿನೇಳರ ಹುಡುಗ ಇಪ್ಪತ್ತು ಮೂವತ್ತು ಮಂದಿಯನ್ನು ಬೆಳಿಗ್ಗೆ ಎಬ್ಬಿಸಿ, ಸಾಲು ನಿಲ್ಲಿಸಿ, ಬೂಟಿನ ಹೊಳಪು ನೋಡಿ, ತಪ್ಪಿಗೆ ತಾನೇ ಉತ್ತರ ಕೊಡಬೇಕು. ಆಜ್ಞೆ ಕೊಡುವುದನ್ನು ಕಲಿಯುವ ಮೊದಲು ನಾಲ್ಕೈದು ವರ್ಷ ಆಜ್ಞೆ ಪಾಲಿಸಿರಬೇಕು.

ಆರಂಭದ ವರ್ಷವೇ ಅಲ್ಲಿಗೆ ಸೇರಿದವರಲ್ಲಿ ಮಡಿಕೇರಿಯ ಕಾಫಿ ಬೆಳೆಗಾರರ ಮನೆಯ ಹದಿನಾರರ ಹುಡುಗನೂ ಇದ್ದ. ಕೂನೂರು, ಬೆಂಗಳೂರುಗಳ ಶಾಲೆಗಳಲ್ಲಿ ಓದಿ ಬಂದಿದ್ದ ಕೆ.ಎಸ್. ತಿಮ್ಮಯ್ಯ ಡೆಹ್ರಾಡೂನಿನಿಂದ ಸ್ಯಾಂಡ್‌ಹರ್ಸ್ಟಿಗೆ ಆಯ್ಕೆಯಾಗಿ 1926ರಲ್ಲಿ ಕಮಿಷನ್ ಪಡೆದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅರಕಾನಿನಲ್ಲಿ ಬ್ರಿಗೇಡನ್ನು ನಡೆಸಿದರು. 1948ರಲ್ಲಿ ಕಾಶ್ಮೀರದ ಜೋಜಿ ಲಾ ಕಣಿವೆಗೆ ಟ್ಯಾಂಕ್ ಹತ್ತಿಸಿ ಶತ್ರುವನ್ನು ಬೆಚ್ಚಿಬೀಳಿಸಿದರು. 1957ರಲ್ಲಿ ಸೇನಾ ಮುಖ್ಯಸ್ಥರಾದರು. ಅದೇ ವರ್ಷ ಗಡಿಯಾಚೆ ಪಾಕಿಸ್ತಾನದ ವಾಯುಪಡೆಯ ಮುಖ್ಯಸ್ಥರಾದ ಅಸ್ಗರ್ ಖಾನ್ ಕೂಡ ಡೆಹ್ರಾಡೂನಿನ ಇದೇ ಶಾಲೆಯ ಹುಡುಗ. ಆ ಪಡೆಯನ್ನು 1965ರ ಯುದ್ಧದಲ್ಲಿ ಮುನ್ನಡೆಸಿದ ನೂರ್ ಖಾನ್, 1971ರ ಸೋಲಿನ ನಂತರ ಪಾಕ್ ಭೂಸೇನೆಯ ಹೊಣೆ ಹೊತ್ತ ಗುಲ್ ಹಸನ್ ಖಾನ್ ಸಹ ಅಲ್ಲಿಯವರೇ. ಸ್ವತಂತ್ರ ಭಾರತದ ಮೊದಲ ಪರಮವೀರ ಚಕ್ರ ಪಡೆದ ಮೇಜರ್ ಸೋಮನಾಥ ಶರ್ಮಾ ಓದಿದ್ದೂ ಅಲ್ಲೇ. 1947ರಲ್ಲಿ ಪಲ್ಟನ್ನು, ತೋಪು, ಖಜಾನೆಗಳ ಹಾಗೆ ಒಂದೇ ಡಾರ್ಮಿಟರಿಯ ಹುಡುಗರೂ ಪಾಲಾಗಿದ್ದರು.

ಆದರೆ ಡೆಹ್ರಾಡೂನಿನ ಫೀಸು ಕಟ್ಟುವ ತಾಕತ್ತು ಇದ್ದದ್ದು ಜಮೀನ್ದಾರರಿಗೆ, ದೊಡ್ಡ ನೌಕರರಿಗೆ, ತೋಟದ ಒಡೆಯರಿಗೆ. ಸಿಪಾಯಿಯ ಮಗನ ಗತಿ ಏನು?

ಅವನಿಗಾಗಿ ಬೇರೊಂದು ಸಾಲಿನ ಶಾಲೆಗಳು ಬಂದವು. ಯುದ್ಧದಲ್ಲಿ ದುಡಿದ ಸಿಪಾಯಿ, ಸುಬೇದಾರರ ಮಕ್ಕಳಿಗೆಂದು ದೊರೆ ಐದನೇ ಜಾರ್ಜ್ ಹೆಸರಿನಲ್ಲಿ ಜಲಂಧರ್ ಮತ್ತು ಝೇಲಮ್‌ಗಳಲ್ಲಿ 1925ರಲ್ಲಿ, ಅಜ್ಮೇರಿನಲ್ಲಿ 1930ರಲ್ಲಿ ಶಾಲೆಗಳು ತೆರೆದವು. ಇಲ್ಲಿ ಓದು, ಊಟ, ವಸತಿ ಸರ್ಕಾರದ್ದು. ಗುರಿ ಮಾತ್ರ ಗಿಡ್ಡ. ಹುಡುಗ ಸೇನೆಯ ಶಿಕ್ಷಣ ಪ್ರಮಾಣಪತ್ರ ಪಡೆದು, ಅಪ್ಪನ ಪಲ್ಟನ್ನಿಗೇ ಸೇರಿ, ಅಪ್ಪನಂತೆಯೇ ಸುಬೇದಾರನಾದರೆ ಸಾಕು ಎಂಬುದು ಆಳುವವರ ಲೆಕ್ಕ. ಎರಡನೇ ಮಹಾಯುದ್ಧದ ಕೊನೆಗೆ ಈ ಸಾಲು ದಕ್ಷಿಣಕ್ಕೂ ಇಳಿಯಿತು: 1945ರಲ್ಲಿ ಬೆಳಗಾವಿ, 1946ರಲ್ಲಿ ಬೆಂಗಳೂರಿನ ಹೊಸೂರು ರಸ್ತೆ.

ಬೆಂಗಳೂರಿನ ಶಾಲೆ ತೆರೆದ ವರ್ಷವೇ ಪಂಜಾಬಿನ ಗುರುದಾಸಪುರ ಕಡೆಯ ಹುಡುಗನೊಬ್ಬ ಅರ್ಜಿ ಹಾಕಿದ. ಅಪ್ಪ ಹಾಡ್ಸನ್ಸ್ ಹಾರ್ಸ್ ಎಂಬ ಅಶ್ವದಳದಲ್ಲಿದ್ದವರು. ವೈದ್ಯಕೀಯ ಪರೀಕ್ಷೆಯಲ್ಲಿ ಎದೆಯ ಸುತ್ತಳತೆ ಒಂದು ಇಂಚು ಕಡಿಮೆ ಬಂದು ಹುಡುಗ ವಾಪಸಾದ. ಊರಿನಲ್ಲಿ ಹಟ ಹಿಡಿದು ಕಸರತ್ತು ಮಾಡಿ, ಕೆಲವೇ ವಾರಗಳಲ್ಲಿ ಮತ್ತೆ ಬಂದು ಅಳತೆ ಕೊಟ್ಟು ಗೆದ್ದ. ಬೆಂಗಳೂರಿನಲ್ಲಿ ಒಂದು ವರ್ಷ ಓದಿ ಜಲಂಧರಿನ ಶಾಲೆಗೆ ಹೋದ ಅವನು ಅಲ್ಲಿಂದ ನ್ಯಾಷನಲ್ ಡಿಫೆನ್ಸ್ ಅಕಾಡೆಮಿ ಸೇರಿ ಅಧಿಕಾರಿಯಾದ. ಸಿಪಾಯಿಯ ಮಗನಿಗೆ ಗೀಚಿದ್ದ ಗೆರೆ ಸ್ವಾತಂತ್ರ್ಯ ಬಂದೊಡನೆ ಅಳಿಸಿಹೋಗಿತ್ತು. 1961ರ ಡಿಸೆಂಬರ್ 5ರಂದು, ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿದ್ದಾಗ, ಕಾಂಗೋದ ಎಲಿಜಬೆತ್‌ವಿಲ್ ಬಳಿ ತನ್ನ ಬೆರಳೆಣಿಕೆಯ ಗೂರ್ಖಾಗಳೊಂದಿಗೆ ಎದುರಾಳಿಯ ದೊಡ್ಡ ಪಡೆಯ ಮೇಲೆ ಮುಗಿಬಿದ್ದು ಪ್ರಾಣ ಕೊಟ್ಟ ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ ಇವನೇ. ವಿಶ್ವಸಂಸ್ಥೆಯ ಶಾಂತಿಪಾಲನೆಯ ಕರ್ತವ್ಯದಲ್ಲಿ ಪರಮವೀರ ಚಕ್ರ ಪಡೆದವರು ಈವರೆಗೆ ಇವರೊಬ್ಬರೇ.

1952ರಲ್ಲಿ ಈ ಶಾಲೆಗಳ ಬಾಗಿಲು ಅಧಿಕಾರಿಗಳ ಮತ್ತು ನಾಗರಿಕರ ಮಕ್ಕಳಿಗೂ ತೆರೆಯಿತು. ಜಲಂಧರಿನ ಶಾಲೆ ನೌಗಾಂವ್ ದಾರಿಯಾಗಿ ಹಿಮಾಚಲದ ಚೈಲ್‌ಗೆ ಹೋಯಿತು. ಝೇಲಮ್‌ನ ಶಾಲೆ ಪಾಕಿಸ್ತಾನದ ಪಾಲಾಗಿ, ಮುಂದೆ ಅಲ್ಲಿನ ಸೇನಾ ಮುಖ್ಯಸ್ಥರಾದ ಅಶ್ಫಾಕ್ ಪರ್ವೇಜ್ ಕಯಾನಿಯವರನ್ನು ಕೊಟ್ಟಿತು. 2007ರಿಂದ ಬೆಳಗಾವಿ, ಬೆಂಗಳೂರಿನ ಶಾಲೆಗಳಿಗೆ ರಾಷ್ಟ್ರೀಯ ಮಿಲಿಟರಿ ಶಾಲೆ ಎಂಬ ಹೆಸರು.

ಇಷ್ಟಾದರೂ ಒಂದು ಕೊರತೆ ಉಳಿದಿತ್ತು. ‘ಕ್ಷಾತ್ರ ಜನಾಂಗ’ಗಳೆಂದು ಬ್ರಿಟಿಷರು ಹಣೆಪಟ್ಟಿ ಹಚ್ಚಿದ್ದವರ ಕೆಲವೇ ಪ್ರಾಂತ್ಯಗಳಿಂದ ಅಧಿಕಾರಿಗಳು ಹೆಚ್ಚಾಗಿ ಬರುತ್ತಿದ್ದರು. ಸೇನೆಯ ಸಂಪರ್ಕವೇ ಇಲ್ಲದ ರೈತನ, ಮೇಷ್ಟರ, ಗುಮಾಸ್ತನ ಮಗನಿಗೆ ಡಿಫೆನ್ಸ್ ಅಕಾಡೆಮಿ ಎಂಬುದೊಂದು ಇದೆ ಎಂದೇ ಗೊತ್ತಿರಲಿಲ್ಲ. ಆಗ ರಕ್ಷಣಾ ಸಚಿವರಾಗಿದ್ದ ವಿ.ಕೆ. ಕೃಷ್ಣ ಮೆನನ್ 1961ರಲ್ಲಿ ಸೈನಿಕ ಶಾಲೆಗಳ ಯೋಜನೆ ತಂದರು. ಜಾಗ, ಕಟ್ಟಡ, ವಿದ್ಯಾರ್ಥಿವೇತನ ರಾಜ್ಯದ್ದು. ಪ್ರಿನ್ಸಿಪಾಲರಾಗಿ ಬರುವ ಸೇನಾಧಿಕಾರಿಗಳು, ತರಬೇತಿ ಕೇಂದ್ರದ್ದು. ಜೂನ್ 23ರಂದು ಸಾತಾರಾದಲ್ಲಿ ಮೊದಲ ಶಾಲೆ ತೆರೆಯಿತು. ಕರ್ನಾಟಕದ ಸರದಿ 1963ರ ಸೆಪ್ಟೆಂಬರ್ 16ರಂದು, ವಿಜಯಪುರದಲ್ಲಿ ಬಂತು. ಕೊಡಗಿನ ಕೂಡಿಗೆಯಲ್ಲಿ ಎರಡನೆಯದು 2007ರಲ್ಲಿ.

ಡೆಹ್ರಾಡೂನಿನ ಕಿಚನರ್, ರಾಬರ್ಟ್ಸ್‌ಗಳ ಜಾಗದಲ್ಲಿ ವಿಜಯಪುರದಲ್ಲಿ ‘ಹೌಸ್’ ಎಂಬ ಹುಡುಗರ ತಂಡಗಳಿಗೆ ಸಿಕ್ಕ ಹೆಸರುಗಳು ಆದಿಲ್‌ಶಾಹಿ, ಚಾಲುಕ್ಯ, ಹೊಯ್ಸಳ, ರಾಷ್ಟ್ರಕೂಟ, ವಿಜಯನಗರ, ಒಡೆಯರ್. ತಾಳಿಕೋಟೆಯಲ್ಲಿ ಕಾದಾಡಿದ ಎರಡು ಮನೆತನಗಳ ಹೆಸರು ಹೊತ್ತ ಹುಡುಗರು ಇಲ್ಲಿ ಕಾದುವುದು ಅತ್ಯುತ್ತಮ ಹೌಸಿಗೆ ಸಿಗುವ ಕಾಕ್ ಹೌಸ್ ಟ್ರೋಫಿಗಾಗಿ. ಓದು, ಡ್ರಿಲ್, ಕ್ರಾಸ್ ಕಂಟ್ರಿ, ಚರ್ಚಾಸ್ಪರ್ಧೆ ಎಲ್ಲದರ ಅಂಕಗಳೂ ಹೌಸಿನ ಖಾತೆಗೆ ಬೀಳುತ್ತವೆ. ಕ್ರಾಸ್ ಕಂಟ್ರಿಯಲ್ಲಿ ಕೊನೆಯವನಾಗಿ ಬಂದವನಿಗೂ ಚಪ್ಪಾಳೆ, ಏಕೆಂದರೆ ಅವನು ಓಟ ಬಿಟ್ಟರೆ ಹೌಸಿಗೇ ನಷ್ಟ.

ದಿನ ಶುರುವಾಗುವುದು ಸೂರ್ಯನಿಗಿಂತ ಮುಂಚೆ. ಪಿಟಿ ಅಥವಾ ಡ್ರಿಲ್, ಸ್ನಾನ, ಮೆಸ್ಸಿನಲ್ಲಿ ತಿಂಡಿ, ಅಸೆಂಬ್ಲಿ, ಮಧ್ಯಾಹ್ನದವರೆಗೆ ತರಗತಿ, ಊಟ, ಸ್ವಲ್ಪ ವಿಶ್ರಾಂತಿ, ಸಂಜೆ ಆಟ, ಆಮೇಲೆ ‘ಪ್ರೆಪ್’ ಎಂಬ ಕಡ್ಡಾಯ ಓದು, ಊಟ, ಹಾಜರಿ, ದೀಪ ಆರಿಸುವುದು. ಪ್ರತಿ ಚಟುವಟಿಕೆಗೂ ‘ಫಾಲ್ ಇನ್’ ಆಗಬೇಕು. ಒಂದು ನಿಮಿಷ ತಡವಾದರೂ ಶಿಸ್ತಿನ ಹೊಣೆ ಹೊತ್ತ ಹಿರಿಯ ಹುಡುಗನಾದ ಪ್ರಿಫೆಕ್ಟ್ ಕೈಯಲ್ಲಿ ‘ರಗಡಾ’, ಅಂದರೆ ಹೆಚ್ಚುವರಿ ಓಟ, ಬಸ್ಕಿ, ಉರುಳಾಟ. ಡ್ರಿಲ್ ಕಲಿಸುವ ಉಸ್ತಾದರು ಪಲ್ಟನ್ನುಗಳಿಂದ ಬಂದ ಹವಾಲ್ದಾರರು. ಎನ್‌ಸಿಸಿ ಎಲ್ಲರಿಗೂ ಕಡ್ಡಾಯ. ರೈಫಲ್ ಹಿಡಿಯುವುದು, ನಕ್ಷೆ ಓದುವುದು, ಅಡೆತಡೆ ದಾಟುವುದು ಅದರ ಭಾಗ. ಹಳ್ಳಿಯ ಕನ್ನಡ ಶಾಲೆಯಿಂದ ಆರನೇ ತರಗತಿಗೆ ಬಂದ ಹುಡುಗನಿಗೆ ಇವೆಲ್ಲಕ್ಕಿಂತ ದೊಡ್ಡ ಅಡೆತಡೆ ಇಂಗ್ಲಿಷ್. ಮೊದಲ ವರ್ಷದ ಅಳು ಕಳೆದ ಮೇಲೆ ಅವನೇ ವೇದಿಕೆ ಹತ್ತಿ ಆ ಭಾಷೆಯಲ್ಲಿ ವಾದಿಸುತ್ತಾನೆ.

ಹನ್ನೆರಡನೇ ತರಗತಿಯಲ್ಲಿ ಎಲ್ಲರ ಕಣ್ಣು ಡಿಫೆನ್ಸ್ ಅಕಾಡೆಮಿಯ ಪರೀಕ್ಷೆಯ ಮೇಲೆ. ಗಣಿತಕ್ಕೆ 300, ಸಾಮಾನ್ಯ ಸಾಮರ್ಥ್ಯಕ್ಕೆ 600 ಅಂಕ. ಅದು ಪಾಸಾದರೆ ಎಸ್‌ಎಸ್‌ಬಿ ಎಂಬ ಐದು ದಿನಗಳ ಆಯ್ಕೆ ಮಂಡಳಿ. ಅಲ್ಲಿ ಫಟ್ಟಾ ಎಂಬ ಹಲಗೆ, ಬಲ್ಲಿ ಎಂಬ ಮರದ ಕಂಬ, ಹಗ್ಗ ಕೊಟ್ಟು ಅಡೆತಡೆ ದಾಟಲು ತಂಡಕ್ಕೆ ಹೇಳುತ್ತಾರೆ; ಯಾರು ದಾರಿ ಹುಡುಕುತ್ತಾರೆ, ಯಾರು ಬರೀ ಕೂಗುತ್ತಾರೆ, ಯಾರು ಹಿಂದುಳಿದವನ ಕೈ ಹಿಡಿಯುತ್ತಾರೆ ಎಂದು ದೂರ ನಿಂತು ಬರೆದುಕೊಳ್ಳುತ್ತಾರೆ. ಏಳು ವರ್ಷ ಡಾರ್ಮಿಟರಿಯಲ್ಲಿ ಬೆಳೆದವನಿಗೆ ಇದು ಹೊಸದೇನಲ್ಲ. ಆದರೂ ಇಲ್ಲಿ, ಇಲ್ಲವೇ ಕಣ್ಣಿನ ಪರೀಕ್ಷೆಯಲ್ಲಿ, ಬಹಳ ಮಂದಿ ಉದುರುತ್ತಾರೆ. ಅವರು ವೈದ್ಯರು, ಎಂಜಿನಿಯರುಗಳು, ಐಎಎಸ್ ಅಧಿಕಾರಿಗಳಾಗುತ್ತಾರೆ. ಸೇನೆಯಲ್ಲಿ ಎತ್ತರಕ್ಕೆ ಏರಿದವರೂ ಇದ್ದಾರೆ. ಭೂಸೇನೆಯ ಉಪ ಮುಖ್ಯಸ್ಥರಾಗಿದ್ದ ಲೆಫ್ಟಿನೆಂಟ್ ಜನರಲ್ ರಮೇಶ್ ಹಲಗಲಿ ವಿಜಯಪುರದ ಹುಡುಗ.

ಮೆನನ್ ಹಾಕಿದ ಲೆಕ್ಕ ಫಲ ಕೊಡಲು ಅರ್ಧ ಶತಮಾನ ಹಿಡಿಯಿತು. 2014ರಲ್ಲಿ ಚಿತ್ತೋರಗಢ ಸೈನಿಕ ಶಾಲೆಯ ದಲ್ಬೀರ್ ಸಿಂಗ್ ಸುಹಾಗ್ ಭೂಸೇನೆಯ ಮುಖ್ಯಸ್ಥರಾದರು. ಅವರ ತಂದೆ ಅಶ್ವದಳದಲ್ಲಿ ಸುಬೇದಾರ್ ಮೇಜರ್. ಹತ್ತು ವರ್ಷ ಕಳೆಯುವಷ್ಟರಲ್ಲಿ ಭೂಸೇನೆಗೆ ಜನರಲ್ ಉಪೇಂದ್ರ ದ್ವಿವೇದಿ, ನೌಕಾಪಡೆಗೆ ಅಡ್ಮಿರಲ್ ದಿನೇಶ್ ತ್ರಿಪಾಠಿ ಮುಖ್ಯಸ್ಥರಾದರು. ಇಬ್ಬರೂ ರೀವಾ ಸೈನಿಕ ಶಾಲೆಯ ಸಹಪಾಠಿಗಳು.

ಇನ್ನು ಹೆಣ್ಣುಮಕ್ಕಳು. ಕಿತ್ತೂರಿನಲ್ಲಿ ರಾಣಿ ಚನ್ನಮ್ಮನ ಹೆಸರಿನ ಬಾಲಕಿಯರ ವಸತಿ ಶಾಲೆ 1969ರಲ್ಲೇ ಶುರುವಾಗಿ ಕುದುರೆ ಸವಾರಿ, ಗುರಿ ಹೊಡೆಯುವುದನ್ನು ಕಲಿಸಿತ್ತು. ಕಲಿತವರಿಗೆ ಅಕಾಡೆಮಿಯ ಬಾಗಿಲು ಮಾತ್ರ ಮುಚ್ಚಿತ್ತು. ವಿಜಯಪುರ, ಕೊಡಗು ಸೈನಿಕ ಶಾಲೆಗಳು ಹುಡುಗಿಯರನ್ನು ಮೊದಲಿಗೆ ಸೇರಿಸಿಕೊಂಡವುಗಳ ಪಟ್ಟಿಯಲ್ಲಿವೆ. ಶತಮಾನ ತುಂಬಿದ 2022ರಲ್ಲಿ ಡೆಹ್ರಾಡೂನ್ ಕೂಡ ಒಪ್ಪಿತು. 2025ರ ಮೇ ತಿಂಗಳಲ್ಲಿ ಡಿಫೆನ್ಸ್ ಅಕಾಡೆಮಿಯಿಂದ ಮೊದಲ ಬಾರಿಗೆ 17 ಯುವತಿಯರು ಪಾಸಾಗಿ ಹೊರಬಂದರು.

ಈಗ ಉಳಿದಿರುವುದು ಹಳೆಯ ಡೆಹ್ರಾಡೂನಿನ ತೊಡಕೇ: ಫೀಸು. ಸೈನಿಕ ಶಾಲೆಯ ವಾರ್ಷಿಕ ಶುಲ್ಕ ಲಕ್ಷ ರೂಪಾಯಿ ದಾಟಿದೆ. ಪೋಷಕರ ಆದಾಯ ನೋಡಿ ರಾಜ್ಯ ಕೊಡುವ ವಿದ್ಯಾರ್ಥಿವೇತನ ಸಕಾಲಕ್ಕೆ, ಸಾಕಷ್ಟು ಬಾರದಿದ್ದರೆ ರೈತನ ಮಗ, ಮಗಳು ಮತ್ತೆ ಹೊರಗೇ ನಿಲ್ಲಬೇಕಾಗುತ್ತದೆ. ಸರ್ಕಾರ ಇದನ್ನು ಮರೆಯಬಾರದು. ಪೋಷಕರು ತಿಳಿದಿರಬೇಕಾದದ್ದು ಇಷ್ಟು: ಆರನೇ ತರಗತಿಯ ಪ್ರವೇಶಕ್ಕೆ ಮಗುವಿನ ವಯಸ್ಸು ಹತ್ತರಿಂದ ಹನ್ನೆರಡರ ಒಳಗಿರಬೇಕು, ಮತ್ತು ಆ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು.