ಗೋಟೂರಿನ ಬಂಗಲೆ

ನಿಪ್ಪಾಣಿಯಿಂದ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೊರಟವನಿಗೆ ತವಂದಿ ಘಾಟು ದಾಟಿದ ಮೇಲೆ ಸಂಕೇಶ್ವರ ಸಿಕ್ಕುತ್ತದೆ. ಚಿಕ್ಕೋಡಿಯ ರಸ್ತೆಯೂ ಅಲ್ಲಿಗೇ ಬಂದು ಸೇರುತ್ತದೆ. ಅದರ ಮಗ್ಗುಲಿನ ಗೋಟೂರಿನಲ್ಲೊಂದು ಪ್ರವಾಸಿ ಬಂಗಲೆ. 1979ರ ಮೇ 12ರ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ‘ಮಿನುಗುತಾರೆ’ ಕಲ್ಪನಾ ಅಲ್ಲಿ ತೀರಿಕೊಂಡಿದ್ದರು. ವಯಸ್ಸು 36 ತುಂಬಿರಲಿಲ್ಲ.

ಆತ್ಮಹತ್ಯೆ ಎಂದಿತು ಲೋಕ. ಇಂದಿಗೂ ಹಾಗೆಯೇ ಅನ್ನುತ್ತದೆ. ಅದು ಸುಳ್ಳೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಆದರೆ ನಾವು ಅದನ್ನು ಅಷ್ಟು ಸುಲಭವಾಗಿ ನಂಬಿದ್ದು ಯಾವುದರ ಬಲದಿಂದ ಎಂಬುದನ್ನು ವಿಚಾರಿಸಬೇಕಾಗಿದೆ.

ಸಾಲ, ಅನಾರೋಗ್ಯ, ಕೈತಪ್ಪಿದ ಚಿತ್ರಗಳು, ಮುರಿದ ಪ್ರೀತಿ ಎಂದು ಕಾರಣಗಳ ಪಟ್ಟಿಯೇ ಹುಟ್ಟಿತು. ಇವೆಲ್ಲ ದುಃಖಕ್ಕೆ ಕಾರಣಗಳಾಗಬಹುದು. ಒಂದು ರಾತ್ರಿಯ ನಿರ್ಧಾರಕ್ಕೆ ಸಾಕ್ಷ್ಯಗಳಾಗಲಾರವು. ನಿದ್ರೆಯ ಮಾತ್ರೆಗಳೇ ಸಾವಿಗೆ ಕಾರಣವೆಂಬುದು ಮರಣೋತ್ತರ ಪರೀಕ್ಷೆಯ ಹೆಸರಿನಲ್ಲಿ ಪ್ರಚಾರದಲ್ಲಿರುವ ವಿವರಣೆ. ಹಾಗೆಯೇ ಇರಲಿ. ದೇಹದಲ್ಲಿ ಏನಿತ್ತೆಂದು ವೈದ್ಯನು ಹೇಳಬಲ್ಲ, ಮನಸ್ಸಿನಲ್ಲಿ ಏನಿತ್ತೆಂದು ಹೇಳಲಾರ. ಬೇಕೆಂದು ನುಂಗಿದ್ದಕ್ಕೂ ನಿದ್ರೆ ಬಾರದವರು ಅಳತೆ ತಪ್ಪಿದ್ದಕ್ಕೂ ಅಂತರವುಂಟು. ಇನ್ನು ವಜ್ರ ನುಂಗಿದರೆಂಬ ಕಥೆ! ವಜ್ರ ವಿಷವೇ ಅಲ್ಲ. ಅದು ಹಳೆಯ ನಾಟಕಗಳ ರಾಣಿಯರಿಗೆ ಮೀಸಲಾದ ಮರಣ. ಕೊಲೆಯೆಂದು ಪಿಸುಗುಟ್ಟುವವರಿಗೂ ಊಹೆಯ ಹೊರತು ಬೇರೆ ಬಂಡವಾಳವಿಲ್ಲ.

ಚಿತ್ರನಟಿ ಕಂಪನಿ ನಾಟಕಕ್ಕೆ ಬಂದದ್ದನ್ನೇ ಪತನದ ಗುರುತೆಂದು ಬೆಂಗಳೂರಿನವರು ಬರೆದರು. ಅಥಣಿ, ರಾಯಬಾಗ, ಕಾಗವಾಡದ ಜಾತ್ರೆಗಳಲ್ಲಿ ಇರುಳಿಡೀ ನಾಟಕ ನೋಡಿದವರನ್ನು ಕೇಳಿ, ನಕ್ಕಾರು. ಏಣಗಿ ಬಾಳಪ್ಪನವರು ಬಾಳೆಲ್ಲ ಸವೆಸಿದ ರಂಗಭೂಮಿಯದು. ಅಲ್ಲಿಗೆ ಬಂದವಳು ಸಾಯಲೆಂದೇ ಬಂದಳೆನ್ನುವುದು ಯಾವ ನ್ಯಾಯ?

ಕಲಾವಿದರ ಸಾವನ್ನು ಅವರ ಕೃತಿಯೊಳಗೆ ಹುಡುಕುವ ಚಟ ನಮ್ಮದಷ್ಟೇ ಅಲ್ಲ. ರಷ್ಯದ ಸಂಗೀತಕಾರ ಚೈಕೋವ್‌ಸ್ಕಿ 1893ರ ಅಕ್ಟೋಬರ್ 28ರಂದು ತನ್ನ ಆರನೆಯ ಸಿಂಫನಿಯನ್ನು ತಾನೇ ನಿರ್ದೇಶಿಸಿ, ನವೆಂಬರ್ 6ರಂದು ತೀರಿಕೊಂಡ. ವೈದ್ಯರು ಕಾಲರಾ ಎಂದರು. ಆ ಕೃತಿಯ ಕೊನೆಯ ಭಾಗದ ಶೋಕವನ್ನು ಕೇಳಿದವರಿಗೆ ಅದು ಸಾಲದಾಯಿತು. ಸಹಪಾಠಿಗಳೇ ಸಭೆ ಸೇರಿ ಸಾಯುವಂತೆ ತೀರ್ಪಿತ್ತರೆಂಬ ವಾದ 1980ರ ಸುಮಾರಿಗೆ ಪಶ್ಚಿಮದಲ್ಲಿ ಹಬ್ಬಿತು. ಮುಂದೆ ಪೊಜ್ನಾನ್‌ಸ್ಕಿ ಎಂಬ ವಿದ್ವಾಂಸರು ದಾಖಲೆಗಳನ್ನು ಜಾಲಾಡಿ ಅದನ್ನು ಅಲ್ಲಗಳೆದರು. ಅಲ್ಲಿ ರೋಗದ ಸಾವನ್ನು ಸಂಗೀತವು ಆತ್ಮಹತ್ಯೆಯಾಗಿಸಿತು.

ಇಲ್ಲಿ ಆ ಕೆಲಸ ಮಾಡಿದ್ದು ‘ಶರಪಂಜರ’ವೆಂದು ನನ್ನ ಎಣಿಕೆ. ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1971ರಲ್ಲಿ ತೆರೆಗೆ ತಂದಾಗ ಕಲ್ಪನಾ ಕಾವೇರಿಯಾದರು. ಕಾವೇರಿ ಗುಣವಾಗಿಯೇ ಆಸ್ಪತ್ರೆಯಿಂದ ಮನೆಗೆ ಮರಳುತ್ತಾಳೆ. ಆದರೆ ಒಮ್ಮೆ ಹುಚ್ಚಿ ಎನಿಸಿಕೊಂಡವಳ ನಗುವೂ ಅಳುವೂ ಮೌನವೂ ಮನೆಯವರಿಗೆ ಹುಚ್ಚಿನ ಲಕ್ಷಣವಾಗಿಯೇ ಕಾಣುತ್ತವೆ. ಆ ಕಾವೇರಿಗಾಗಿ ಚಿತ್ರಮಂದಿರದಲ್ಲಿ ಕಣ್ಣೀರಿಟ್ಟ ನಾವೇ 1979ರಲ್ಲಿ ಕಾವೇರಿಯ ಮನೆಯವರಾದೆವು: ಕಲ್ಪನಾ ಅವರ ಸಿಟ್ಟು, ಒಂಟಿತನ, ಉಡುಗೆಯ ಆಡಂಬರ ಎಲ್ಲವೂ ಹಿಂದಿರುಗಿ ನೋಡಿದಾಗ ಸಾವಿನ ಮುನ್ಸೂಚನೆಯಾಗಿ ಕಂಡವು.

ಅಸಹಜ ಮರಣವಾದಲ್ಲಿ ಪಂಚರ ಸಮಕ್ಷಮ ಪಂಚನಾಮೆ ನಡೆಯಬೇಕೆಂದು 1973ರ ದಂಡ ಪ್ರಕ್ರಿಯಾ ಸಂಹಿತೆಯ 174ನೆಯ ಕಲಮು ವಿಧಿಸಿತ್ತು. ಆ ರಾತ್ರಿಯ ಬಗೆಗೆ ಬರೆಯಹೊರಟವರು ಕೈಗೆತ್ತಿಕೊಳ್ಳಬೇಕಾದದ್ದು ಅಂಥ ಕಾಗದವನ್ನು. ಕಾವೇರಿಯ ಸಾಕ್ಷ್ಯ ನಡೆಯದು, ಆಕೆ ಗೋಟೂರಿನಲ್ಲಿರಲಿಲ್ಲ.