ಹಾಲಿಗೆ ಬದಲಿ: ಎರಡು ಹುಡುಕಾಟಗಳ ಕಥೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಇವು ಇಂದು ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವವರೆಗೆ ಈ ಸೀಮೆ ಮದರಾಸಿನ ಆಡಳಿತದಲ್ಲಿತ್ತು. ಮಳೆ ಕಡಿಮೆಯ ನೆಲ. 1876ರಿಂದ 78ರವರೆಗಿನ ಧಾತು ಬರದಲ್ಲಿ ಬಳ್ಳಾರಿ ಜಿಲ್ಲೆ ತೀವ್ರವಾಗಿ ನಲುಗಿತು. ಹೊಲದಲ್ಲಿ ಜೋಳ, ಸಜ್ಜೆ, ಶೇಂಗಾ. ಬಯಲಿನಲ್ಲಿ ಕುರಿ, ಆಡು. ಇಂಥ ಊರಿನ ಮನೆಯೊಂದರಲ್ಲಿ ಎಳೆಗೂಸಿನ ಕೆನ್ನೆ, ಮೊಣಕೈ ಮಡಿಕೆಗಳಲ್ಲಿ ಇಸುಬು ಎದ್ದು, ಹಸುವಿನ ಹಾಲು ಕುಡಿದೊಡನೆ ಮೈಯೆಲ್ಲ ದದ್ದಾದರೆ ಹಿರಿಯರು ಏನೆನ್ನುತ್ತಾರೆಂದು ನೀವು ಬಲ್ಲಿರಿ: ‘ಹಾಲು ನಂಜಾಗ್ಯದ, ಆಡಿನ ಹಾಲು ಹಾಕ್ರಿ’. ಈ ಮಾತು ಸರಿಯೇ? ಉತ್ತರ ತಿಳಿಯಬೇಕಾದರೆ ಹಾಲಿನ ಬದಲಿಗಾಗಿ ಮನುಷ್ಯ ನಡೆಸಿದ ಹುಡುಕಾಟದ ಚರಿತ್ರೆಯನ್ನು ನೋಡಬೇಕು. ಅದು ಒಂದಲ್ಲ, ಎರಡು. ಎರಡನ್ನೂ ಬೆರೆಸಿದ್ದರಿಂದಲೇ ಗೊಂದಲ ಹುಟ್ಟಿದೆ.

ಮೊದಲನೆಯದು ಹಾಲಿನ ಕೊರತೆಯಿಂದ ಹುಟ್ಟಿದ್ದು, ಅದರ ಮುಖ್ಯ ಅಧ್ಯಾಯ ನಮ್ಮ ನಾಡಿನದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1940ರ ದಶಕದಲ್ಲಿ ಸೋಯಾ ಅವರೆಯಿಂದ ಹಾಲು ತೆಗೆಯುವ ಸಂಶೋಧನೆ ನಡೆಯಿತು. ಅಲ್ಲಿನ ಜೀವರಸಾಯನ ವಿಭಾಗದ ವಿ. ಸುಬ್ರಹ್ಮಣ್ಯನ್ ಅವರು 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಮೊದಲ ನಿರ್ದೇಶಕರಾದರು. ಎಮ್ಮೆ ಹಾಲಿನಿಂದ ಶಿಶುವಿನ ಪುಡಿ ಆಹಾರ ಮಾಡುವ ವಿಧಾನ ಇದೇ ಸಂಸ್ಥೆಯ ಕೊಡುಗೆ. ಅದಕ್ಕಿಂತ ಸ್ವಾರಸ್ಯವಾದದ್ದು ‘ಮಿಲ್ಟೋನ್’. ಎಣ್ಣೆ ತೆಗೆದ ಮೇಲೆ ದನಕ್ಕೆ ಹಾಕುವ ಶೇಂಗಾ ಹಿಂಡಿಯಲ್ಲಿ ಸುಮಾರು ಅರ್ಧಪಾಲು ಪ್ರೋಟೀನು ಉಳಿದಿರುತ್ತದೆ. ಶೇಂಗಾದ ಆ ಪ್ರೋಟೀನನ್ನು ಶುದ್ಧವಾಗಿ ಬೇರ್ಪಡಿಸಿ, ಹಸು ಎಮ್ಮೆಗಳ ಹಾಲಿನೊಡನೆ ಬೆರೆಸಿ, ಇದ್ದ ಹಾಲನ್ನೇ ಹೆಚ್ಚು ಮಕ್ಕಳಿಗೆ ಸಾಲುವಂತೆ ಮಾಡುವುದು ಇದರ ಉದ್ದೇಶ. 1970ರ ದಶಕದಲ್ಲಿ ಬೆಂಗಳೂರಿನಲ್ಲಿ ಇದು ತಯಾರಾಯಿತು. ನಮ್ಮ ಹೊಲದ ಶೇಂಗಾ ಮಗುವಿನ ಬಟ್ಟಲಿಗೆ ಬರುವ ಕನಸು ಅದು; ದೊಡ್ಡ ಕನಸೇ ಸರಿ.

ಆದರೆ ಆ ದಾರಿಯಲ್ಲಿ ಒಂದು ಕಲ್ಲು ಮೊದಲೇ ಬಿದ್ದಿತ್ತು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಮೇವಿನಲ್ಲಿದ್ದ ಶೇಂಗಾ ಹಿಂಡಿಗೆ ಬೂಷ್ಟು ಹಿಡಿದು ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟಿದ್ದು ಬಳಿಕ ತಿಳಿಯಿತು. ಅಲ್ಲಿಂದ ಮುಂದೆ ಶೇಂಗಾದಿಂದ ಮಾಡುವ ಮಕ್ಕಳ ಆಹಾರವೆಂದರೆ ಕಟ್ಟುನಿಟ್ಟಿನ ಪರೀಕ್ಷೆ ಬೇಕೇಬೇಕಾಯಿತು.

ಎರಡನೆಯ ಹುಡುಕಾಟದ ಕಾರಣವೇ ಬೇರೆ. ಅಲ್ಲಿ ಹಾಲು ಬೇಕಾದಷ್ಟಿತ್ತು, ಮಗುವಿಗೆ ಒಗ್ಗುತ್ತಿರಲಿಲ್ಲ. ‘ಅಲರ್ಜಿ’ ಎಂಬ ಪದವನ್ನು 1906ರಲ್ಲಿ ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಟಂಕಿಸಿದರು. 1909ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ ರೂರಾ ಶಿಶುಗಳಿಗೆ ಸೋಯಾ ಆಹಾರ ಕೊಟ್ಟು ನೋಡಿದರು. 1929ರಲ್ಲಿ ಹಿಲ್ ಮತ್ತು ಸ್ಟುವರ್ಟ್ ಎಂಬ ವೈದ್ಯರು ಹಾಲು ಒಗ್ಗದ ಶಿಶುಗಳಿಗಾಗಿ ಸೋಯಾ ಆಹಾರವನ್ನು ವರದಿ ಮಾಡಿದರು. 1942ರಲ್ಲಿ ಹಾಲಿನ ಪ್ರೋಟೀನನ್ನೇ ಸಣ್ಣ ಸಣ್ಣ ತುಣುಕುಗಳಾಗಿ ಒಡೆದು ಮಾಡಿದ ಪುಡಿ ಮಾರುಕಟ್ಟೆಗೆ ಬಂದಿತು. ತುಣುಕು ಚಿಕ್ಕದಾದಷ್ಟೂ ದೇಹ ಅದನ್ನು ಶತ್ರುವೆಂದು ಗುರುತಿಸುವುದು ಕಷ್ಟ. ಇಂದಿಗೂ ಇಂಥ ಮಕ್ಕಳಿಗೆ ತಜ್ಞರು ಮೊದಲು ಸೂಚಿಸುವುದು ಈ ಬಗೆಯನ್ನೇ. ಅದೂ ಒಗ್ಗದಿದ್ದರೆ ಅಮೈನೋ ಆಮ್ಲಗಳದು. ಬೆಲೆ ಮಾತ್ರ ಕೂಲಿಯ ಮನೆಗೆ ಎಟುಕುವಂಥದಲ್ಲ.

ಈಗ ಎರಡು ಕಥೆಗಳನ್ನೂ ಎದುರುಬದುರಾಗಿ ಇಡಿ. ಮಿಲ್ಟೋನಿನಲ್ಲಿ ಪ್ರಾಣಿಯ ಹಾಲೂ ಇತ್ತು, ಶೇಂಗಾವೂ ಇತ್ತು. ಎರಡೂ ಅಲರ್ಜಿ ತರಬಲ್ಲವು. ಕೊರತೆಗೆ ಮದ್ದಾದದ್ದು ಅಲರ್ಜಿಯ ಮಗುವಿಗೆ ಅಪಾಯವಾದೀತು. ಆಡಿನ ಹಾಲಿನ ಮಾತೂ ಅಷ್ಟೆ. ಅದರ ಪ್ರೋಟೀನು ಹಸುವಿನ ಹಾಲಿನದಕ್ಕೆ ಎಷ್ಟು ಹತ್ತಿರವೆಂದರೆ, ಒಂದು ಒಗ್ಗದ ಬಹುಪಾಲು ಮಕ್ಕಳಿಗೆ ಇನ್ನೊಂದೂ ಒಗ್ಗದು. ಎಮ್ಮೆಯದೂ ಹಾಗೆಯೇ. ಮೇಲಾಗಿ ಆಡಿನ ಹಾಲಿನಲ್ಲಿ ಫೋಲಿಕ್ ಆಮ್ಲ ಬಹಳ ಕಡಿಮೆ. ಅದನ್ನೇ ಕುಡಿದು ಬೆಳೆದ ಶಿಶುಗಳ ರಕ್ತಹೀನತೆಯನ್ನು ಯೂರೋಪಿನ ವೈದ್ಯರು 1920ರ ದಶಕದಲ್ಲೇ ಗುರುತಿಸಿದ್ದರು. ರಾಗಿ ಅಂಬಲಿ, ಅಕ್ಕಿ ಗಂಜಿ ಆರು ತಿಂಗಳು ತುಂಬಿದ ಮಗುವಿಗೆ ಒಳ್ಳೆಯ ಆಹಾರವೇ, ಆದರೆ ಹಾಲಿನ ಸ್ಥಾನ ತುಂಬಲಾರವು. ಸೋಯಾ ಪುಡಿಯನ್ನೂ ಆರು ತಿಂಗಳೊಳಗಿನ ಶಿಶುವಿಗೆ ಸಾಮಾನ್ಯವಾಗಿ ಸೂಚಿಸುವುದಿಲ್ಲ.

ಹಾಗಾದರೆ ಕೊಟ್ಟೂರಿನ ತಾಯಿ ಮಾಡಬೇಕಾದದ್ದೇನು? ಎದೆಹಾಲು ಇದ್ದರೆ ನಿಲ್ಲಿಸಬಾರದು. ವೈದ್ಯರು ಹೇಳಿದರೆ ಅವಳೇ ಕೆಲವು ವಾರ ಹಾಲು, ಮೊಸರು, ಮಜ್ಜಿಗೆ ಬಿಟ್ಟು ನೋಡುವುದುಂಟು. ಆಗ ಸುಣ್ಣದ ಅಂಶಕ್ಕೆ ರಾಗಿ, ಎಳ್ಳು ನೆರವಾಗುತ್ತವೆ. ಇಸುಬೆಲ್ಲ ಹಾಲಿನಿಂದಲೇ ಬರುವುದೂ ಅಲ್ಲ. ಎಷ್ಟೋ ಮಕ್ಕಳಿಗೆ ಚರ್ಮ ಒಣಗದಂತೆ ದಿನವೂ ಮುಲಾಮು ಹಚ್ಚುವುದೇ ಮುಖ್ಯ ಚಿಕಿತ್ಸೆ. ಸುಮ್ಮನೆ ಊಹಿಸಿ ಹಾಲು ಬಿಡಿಸಿದರೆ ಮಗು ಸೊರಗುತ್ತದೆ. ಡಬ್ಬಿಹಾಲಿನ ಜಾಹೀರಾತನ್ನು ನಂಬುವ ಪ್ರಶ್ನೆಯಂತೂ ಇಲ್ಲ. 1992ರ ಕಾಯಿದೆ ಅದನ್ನು ನಿಷೇಧಿಸಿದೆ.

ಶೇಂಗಾದ ವಿಷಯದಲ್ಲಿ ಚರಿತ್ರೆ ಇತ್ತೀಚೆಗೆ ಮತ್ತೊಂದು ತಿರುವು ಪಡೆಯಿತು. ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಶಿಶುಗಳ ಮೇಲೆ ಲಂಡನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವು, ಹನ್ನೊಂದು ತಿಂಗಳೊಳಗೇ ಶೇಂಗಾ ತಿನ್ನಲು ತೊಡಗಿದವರಲ್ಲಿ ಶೇಂಗಾ ಅಲರ್ಜಿ ಬಹಳ ಕಡಿಮೆಯೆಂದು ತೋರಿಸಿತು. ಆದರೆ ಅಲ್ಲಿ ಪ್ರತಿ ಮಗುವನ್ನೂ ಮೊದಲು ಪರೀಕ್ಷಿಸಲಾಗಿತ್ತು. ಇಡೀ ಕಾಳನ್ನು ಎಳೆಮಗುವಿಗೆ ಕೊಟ್ಟರೆ ಗಂಟಲಲ್ಲಿ ಸಿಕ್ಕಿಕೊಂಡೀತು, ಅದು ಬೇರೆ ಮಾತು.

ಹಾಲಿನ ಅಲರ್ಜಿ ಇರುವ ಹೆಚ್ಚಿನ ಮಕ್ಕಳಿಗೆ ಶಾಲೆಯ ವಯಸ್ಸಿನ ಹೊತ್ತಿಗೆ ಹಾಲು ತಾನಾಗಿಯೇ ಒಗ್ಗತೊಡಗುತ್ತದೆ. ಒಗ್ಗಿತೇ ಎಂದು ನೋಡುವ ಮೊದಲ ಗುಟುಕನ್ನು ವೈದ್ಯರ ಎದುರಿನಲ್ಲೇ ಕುಡಿಸುತ್ತಾರೆ.